ಮನೆಯಂಗಳದ ಚೆಂಡು ಹೂವು
(ಉತ್ಸವದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ದೇವರ ಪೂಜೆಗೆ ಬೇಕಾಗುವ ಸಾಮಗ್ರಿಗಳಲ್ಲಿ ಬಹಳಷ್ಟು ಅಂಗಡಿಯಿಂದಲೇ ಬರಬೇಕು. ಕರ್ಪೂರ, ಊದಿನಕಡ್ಡಿ, ತೆಂಗಿನಕಾಯಿ, ಕುಂಕುಮ ಇವುಗಳನ್ನು ಈ ಭಾಗದ ಮನೆಗಳಲ್ಲಿ ಮಾಡಿಕೊಳ್ಳಲು ಆಗುವುದಿಲ್ಲ. ಆದರೆ ಹೂವಿನ ಮಾತು ಹಾಗಲ್ಲ. ಒಂದಿಷ್ಟು ಮಣ್ಣು, ಒಂದು ತಂಬಿಗೆ ನೀರು, ದಿನಕ್ಕೆ ಹತ್ತು ನಿಮಿಷದ ಲಕ್ಷ್ಯ ಇದ್ದರೆ ಅದು ಬಾಗಿಲ ಮುಂದೆಯೇ ಅರಳುತ್ತದೆ. ಹೀಗಿದ್ದರೂ ಖಂಡೇನವಮಿಯ ದಿನ ಸಂತೆಯಲ್ಲಿ ಹೂವಿನ ಬುಟ್ಟಿಯ ಸುತ್ತ ಜನ ಮುಗಿಬೀಳುತ್ತಾರೆ. ಬೆಳಿಗ್ಗೆ ಹೇಳಿದ ಬೆಲೆ ಮಧ್ಯಾಹ್ನಕ್ಕೆ ಇರುವುದಿಲ್ಲ. ದುಡ್ಡಿದ್ದವರು ಮಾರುಗಟ್ಟಲೆ ಒಯ್ಯುತ್ತಾರೆ. ಇಲ್ಲದವರು ನಾಲ್ಕು ಬಾಡಿದ ಹೂ ತಂದು ಬಾಗಿಲಿಗೆ ಸಿಕ್ಕಿಸುತ್ತಾರೆ, ಇಲ್ಲವೇ ಪ್ಲಾಸ್ಟಿಕ್ಕಿನ ತೋರಣ ಕಟ್ಟುತ್ತಾರೆ. ಹನ್ನೆರಡು ಗಿಡಗಳಿಂದ ನೀಗುವ ಕೊರತೆ ಇದು.

ಆದ್ದರಿಂದ ಇಂದಿನ ವಿಷಯ ಚಿಕ್ಕದಾದರೂ ಪ್ರತಿ ಮನೆಗೂ ಸಂಬಂಧಪಟ್ಟದ್ದು. ಹಬ್ಬದ ಹೂವನ್ನು ಹಬ್ಬದ ಹಿಂದಿನ ದಿನ ನೆನೆದರೆ ಸಾಲದು, ನೂರು ದಿನ ಮೊದಲೇ ನೆನೆಯಬೇಕು. ಈ ಒಂದು ಮಾತು ಮನಸ್ಸಿನಲ್ಲಿ ಉಳಿದರೆ ಉಳಿದದ್ದೆಲ್ಲ ಸುಲಭ.

ಹೂವಿನ ಮೂಲ

ಕನ್ನಡದಲ್ಲಿ ಇದು ಚೆಂಡು ಹೂವು, ಮರಾಠಿಯಲ್ಲಿ ಝೆಂಡು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಗಡಿ ಬಂತು, ಶಾಲೆಯ ಭಾಷೆ ಬೇರೆಯಾಯಿತು. ಹೂವಿನ ಹೆಸರು ಮಾತ್ರ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಆಗಿ ಉಳಿಯಿತು. ದಸರೆಯಂದು ಒಬ್ಬರ ಕೈಯಲ್ಲಿ ಬನ್ನಿ ಇರಬಹುದು, ಇನ್ನೊಬ್ಬರ ಕೈಯಲ್ಲಿ ಆಪಟಾ ಎಲೆ ಇರಬಹುದು. ಇಬ್ಬರ ಬಾಗಿಲಿಗೂ ತೋರಣ ಚೆಂಡು ಹೂವಿನದೇ.

ಇಷ್ಟು ಒಗ್ಗಿಹೋದ ಈ ಹೂವು ಮೂಲದಲ್ಲಿ ಭರತಖಂಡದ್ದಲ್ಲ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಇದರ ತವರು ಸಮುದ್ರದಾಚೆಯ ಮೆಕ್ಸಿಕೊ ದೇಶ. ಅಲ್ಲಿಯ ಜನ ಇಂದಿಗೂ ನವೆಂಬರ್ ತಿಂಗಳ ಮೊದಲೆರಡು ದಿನ ತೀರಿಹೋದ ಹಿರಿಯರನ್ನು ನೆನೆದು, ಅವರ ಸಮಾಧಿಗಳನ್ನು ಇದೇ ಕಿತ್ತಳೆ ಹೂವಿನಿಂದ ಅಲಂಕರಿಸುತ್ತಾರೆ. ಪೋರ್ಚುಗೀಸರು ಹಡಗಿನಲ್ಲಿ ಇಲ್ಲಿಗೆ ತಂದರೆಂದು ಹೇಳಲಾಗುತ್ತದೆ. ಮೆಣಸಿನಕಾಯಿ, ಶೇಂಗಾ, ಪೇರಲ ಹಣ್ಣುಗಳ ಮೂಲವೂ ಅಮೆರಿಕ ಖಂಡವೇ. ದೂರದಿಂದ ಬಂದ ಈ ಗಿಡ ಇಲ್ಲಿಯ ಬಿಸಿಲು ತಾಳಿತು, ಕಡಿಮೆ ನೀರಿಗೆ ಒಗ್ಗಿತು, ಕಿತ್ತ ಮೇಲೂ ಎರಡು ಮೂರು ದಿನ ಬಾಡದೆ ನಿಂತಿತು. ಹೀಗಾಗಿಯೇ ದೇವರ ಕೊರಳಿಗೂ, ಎತ್ತಿನ ಕೊಂಬಿಗೂ, ಟ್ರ್ಯಾಕ್ಟರಿನ ಮುಂಭಾಗಕ್ಕೂ, ಹೊಲಿಗೆ ಯಂತ್ರಕ್ಕೂ, ಅಂಗಡಿಯ ತಕ್ಕಡಿಗೂ ಇದರದೇ ಮಾಲೆ.

ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಎರಡು ಮೂರು ಅಡಿ ಎತ್ತರ ಬೆಳೆದು ದೊಡ್ಡ ಚೆಂಡಿನಂಥ ಹಳದಿ, ಕಿತ್ತಳೆ ಹೂ ಬಿಡುವುದು ಒಂದು. ಇದಕ್ಕೆ ಆಫ್ರಿಕನ್ ಎಂಬ ಹೆಸರು ಅಂಟಿಕೊಂಡಿದ್ದರೂ ಆಫ್ರಿಕಕ್ಕೂ ಇದಕ್ಕೂ ಸಂಬಂಧವಿಲ್ಲ. ಅಡಿ ಎತ್ತರದ ಪೊದೆಯಾಗಿ ಕೆಂಪು ಕಂದು ಮಿಶ್ರಿತ ಸಣ್ಣ ಹೂ ಬಿಡುವುದು ಎರಡನೆಯದು. ಅದಕ್ಕೆ ಫ್ರೆಂಚ್ ಎಂಬ ಹೆಸರು. ತೋರಣಕ್ಕೆ ಮೊದಲನೆಯದು, ಕುಂಡಕ್ಕೆ ಎರಡನೆಯದು ಅನುಕೂಲ. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಹೊರತಂದ ಪೂಸಾ ನಾರಂಗಿ, ಪೂಸಾ ಬಸಂತಿ ಎಂಬ ಕಿತ್ತಳೆ ಮತ್ತು ಹಳದಿ ತಳಿಗಳು ಮನೆಯಲ್ಲಿ ಬೀಜ ಹಿಡಿಯಲು ಬರುವಂಥವು.

ಹಬ್ಬದಿಂದ ಹಿಂದಕ್ಕೆ ಎಣಿಕೆ

ಚೆಂಡು ಹೂವಿನ ಬೀಜ ಹಾಕಿದ ಐದಾರು ದಿನಕ್ಕೆ ಮೊಳೆಯುತ್ತದೆ. ಇಪ್ಪತ್ತೈದರಿಂದ ಮೂವತ್ತು ದಿನಕ್ಕೆ ಅಗಿ ಕಿತ್ತು ನೆಡಲು ಬರುತ್ತದೆ. ನೆಟ್ಟ ಎರಡು ತಿಂಗಳ ಮೇಲೆ ಎತ್ತರದ ಜಾತಿ ಮೈತುಂಬ ಹೂ ಬಿಡುತ್ತದೆ. ಒಟ್ಟು ಲೆಕ್ಕ ತೊಂಬತ್ತರಿಂದ ನೂರು ದಿನ. ಇಲ್ಲಿಯೇ ಅನೇಕರು ತಪ್ಪುವುದು. ಶ್ರಾವಣ ಮುಗಿದ ಮೇಲೆ ಬೀಜ ಹಾಕಿ, ದಸರೆಗೆ ಹೂ ಬರಲಿಲ್ಲವೆಂದು ಗಿಡವನ್ನು ದೂರುತ್ತಾರೆ.

ತಾರೀಖಿನ ಲೆಕ್ಕ ನೆನಪಿಡುವುದು ಕಷ್ಟ, ಏಕೆಂದರೆ ಹಬ್ಬದ ತಾರೀಖು ಪ್ರತಿ ವರ್ಷ ಸರಿಯುತ್ತದೆ. 2024ರಲ್ಲಿ ದಸರೆ ಅಕ್ಟೋಬರ್ 12ಕ್ಕೆ ಬಂದರೆ 2025ರಲ್ಲಿ ಅಕ್ಟೋಬರ್ 2ಕ್ಕೆ ಬಂತು. ಆದರೆ ಹಬ್ಬದಿಂದ ಹಬ್ಬಕ್ಕೆ ಎಣಿಸಿದರೆ ತಾರೀಖಿನ ಗೊಡವೆಯೇ ಬೇಡ. ತಾಯಂದಿರು ಈ ಮೂರು ಜೋಡಿಯನ್ನು ನೆನಪಿಟ್ಟರೆ ಸಾಕು:

ಮಣ್ಣೆತ್ತಿನ ಅಮಾವಾಸ್ಯೆಗೆ ಬೀಜ, ದಸರೆಗೆ ಹೂ. ಇವೆರಡರ ನಡುವೆ 98 ಅಥವಾ 99 ದಿನ.

ಗುರು ಪೂರ್ಣಿಮೆಗೆ ಬೀಜ, ದೀಪಾವಳಿಯ ಲಕ್ಷ್ಮೀ ಪೂಜೆಗೆ ಹೂ. ಇವೆರಡರ ನಡುವೆ ಸುಮಾರು 103 ದಿನ.

ಗಣೇಶ ಚೌತಿಗೆ ಬೀಜ, ಎಳ್ಳಮಾವಾಸ್ಯೆಗೆ ಹೂ. ಇವೆರಡರ ನಡುವೆ ಸುಮಾರು 114 ದಿನ. ಥಂಡಿಯಲ್ಲಿ ಗಿಡ ನಿಧಾನವಾಗಿ ಬೆಳೆಯುವುದರಿಂದ ಈ ಹೆಚ್ಚಿನ ದಿನಗಳು ಬೇಕೇ ಬೇಕು. ಲಾತೂರ, ಬೀದರ ಭಾಗದವರು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ಹಬ್ಬ ಅದು. ಆ ದಿನ ಹಿತ್ತಲ ಹೂವು ಬುತ್ತಿಯ ಜೊತೆಗೇ ಹೊಲಕ್ಕೆ ಹೋಗಲಿ.

ಒಂದು ಎಚ್ಚರಿಕೆ ಮಾತ್ರ ಬೇಕು. ನಡುವೆ ಅಧಿಕ ಮಾಸ ಬಂದರೆ ಎಣಿಕೆ ಒಂದು ತಿಂಗಳು ತಪ್ಪುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದುದರಿಂದ ದಸರೆ ಅಕ್ಟೋಬರ್ 24ಕ್ಕೆ ಹೋಯಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಬೀಜ ಹಾಕಿದ್ದರೆ ಮೊದಲ ಸಮೃದ್ಧ ಹೂ ಗಣಪತಿ ಹಬ್ಬದ ಆಸುಪಾಸಿನಲ್ಲೇ ಬಂದು ಹೋಗುವಂತಿತ್ತು. ಅಂಥ ವರ್ಷ ಬೀಜ ಹಾಕುವುದನ್ನು ನಾಲ್ಕು ವಾರ ಮುಂದಕ್ಕೆ ಹಾಕಬೇಕು. ಪಂಚಾಂಗವನ್ನು ಮದುವೆಯ ಮುಹೂರ್ತಕ್ಕೆ ನೋಡುವಂತೆ ಹೂವಿನ ಬೀಜಕ್ಕೂ ಒಮ್ಮೆ ನೋಡಬೇಕು.

ಮಣ್ಣು ಮತ್ತು ಮಡಿ

ಈ ಭಾಗದ ಕಪ್ಪು ಎರೆಮಣ್ಣು ಜೋಳಕ್ಕೆ, ಕಡಲೆಗೆ, ತೊಗರಿಗೆ ಬಂಗಾರದಂಥದು. ಚೆಂಡು ಹೂವಿಗೆ ಮಾತ್ರ ಅದನ್ನು ಸ್ವಲ್ಪ ಹದ ಮಾಡಿಕೊಡಬೇಕು. ಎರೆ ನೀರು ಹಿಡಿದಿಡುತ್ತದೆ. ಮಳೆ ಹಿಡಿದುಕೊಂಡರೆ ಬೇರಿಗೆ ಉಸಿರಾಡಲು ಆಗುವುದಿಲ್ಲ, ಬುಡ ಕೊಳೆತು ಗಿಡ ಒಂದೇ ರಾತ್ರಿಯಲ್ಲಿ ಜೋತುಬೀಳುತ್ತದೆ. ಇದಕ್ಕೆ ಉಪಾಯವೆಂದರೆ ಎರಡು ಪಾಲು ಎರೆಮಣ್ಣಿಗೆ ಒಂದು ಪಾಲು ಮುರುಮ ಇಲ್ಲವೇ ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕಲಸಿ, ನೆಲದಿಂದ ಒಂದು ಗೇಣು ಎತ್ತರಕ್ಕೆ ಮಡಿ ಮಾಡುವುದು. ದೇವಣಿ ದನದ ತವರೇ ಈ ಸೀಮೆ. ಕೊಟ್ಟಿಗೆಯ ಗೊಬ್ಬರಕ್ಕೆ ಬೇರೆ ಊರಿಗೆ ಹೋಗಬೇಕಾಗಿಲ್ಲ. ಹಸಿ ಸಗಣಿ ಮಾತ್ರ ಬುಡಕ್ಕೆ ಹಾಕಬಾರದು. ಅದರ ಕಾವಿಗೆ ಎಳೆಯ ಬೇರು ಸುಡುತ್ತದೆ, ಗೊಣ್ಣೆಹುಳವೂ ಸೇರುತ್ತದೆ.

ಜಾಗ ಬಿಸಿಲಿನದಾಗಿರಬೇಕು. ದಿನಕ್ಕೆ ಆರು ಗಂಟೆ ಬಿಸಿಲು ಬೀಳದ ಕಡೆ ಗಿಡ ಉದ್ದಕ್ಕೆ ಸೊರಗಿ ಬೆಳೆಯುತ್ತದೆ, ಹೂ ಬಿಡುವುದಿಲ್ಲ. ಹಿತ್ತಲಿಲ್ಲದವರು ಹಳೆಯ ಎಣ್ಣೆ ಡಬ್ಬಿ, ಒಡೆದ ಕೊಡ, ಸಿಮೆಂಟಿನ ಚೀಲಗಳಲ್ಲಿ ಬೆಳೆಸಬಹುದು. ತಳಕ್ಕೆ ನಾಲ್ಕು ತೂತು ಇದ್ದರಾಯಿತು, ಒಂದು ಡಬ್ಬಿಗೆ ಒಂದೇ ಗಿಡ.

ಬೀಜವನ್ನು ಆಳಕ್ಕೆ ಹೂಳಬಾರದು. ಮಡಿಯ ಮೇಲೆ ಗೆರೆ ಎಳೆದು ಬೀಜ ಉದುರಿಸಿ, ಕಾಲು ಇಂಚಿನಷ್ಟು ಪುಡಿಗೊಬ್ಬರ ಮುಚ್ಚಿ, ಕೈಯಿಂದ ನೀರು ಚಿಮುಕಿಸಬೇಕು. ಕೋಳಿ, ಇರುವೆಗಳಿಂದ ಕಾಯಲು ಮೇಲೆ ಜೋಳದ ಕಣಿಕೆ ಹರಡಿ, ಮೊಳಕೆ ಕಂಡ ಕೂಡಲೇ ತೆಗೆಯಬೇಕು. ನಾಲ್ಕೈದು ಎಲೆ ಬಂದ ಅಗಿಯನ್ನು ಸಂಜೆಯ ತಂಪಿನಲ್ಲಿ ಒಂದೂವರೆ ಅಡಿ ಅಂತರದಲ್ಲಿ ನೆಡಬೇಕು. ಒತ್ತಾಗಿ ನೆಟ್ಟರೆ ಹೂ ಹೆಚ್ಚುವುದಿಲ್ಲ, ಗಾಳಿ ಆಡದೆ ರೋಗ ಹೆಚ್ಚುತ್ತದೆ.

ಕುಡಿ ಚಿವುಟುವ ಕೆಲಸ

ನೆಟ್ಟ ಮೂರು ವಾರಕ್ಕೆ ಗಿಡ ಗೇಣುದ್ದ ಬೆಳೆದು ತುದಿಯಲ್ಲಿ ಒಂದು ಮೊಗ್ಗಿನ ಸುಳಿವು ತೋರುತ್ತದೆ. ಆ ಕುಡಿಯನ್ನು ಚಿವುಟಬೇಕು. ಬಹಳ ಮಂದಿಗೆ ಇದಕ್ಕೆ ಮನಸ್ಸು ಬರುವುದಿಲ್ಲ. ಬಿಡುವ ಹೂವನ್ನೇ ಚಿವುಟುವುದೇ ಎಂದು ಅಜ್ಜಿಯರು ತಡೆಯುತ್ತಾರೆ. ಆದರೆ ತುದಿಯ ಕುಡಿ ಇರುವತನಕ ಪಕ್ಕದ ಕಣ್ಣುಗಳು ಮಲಗಿರುತ್ತವೆ. ಅದು ಹೋದ ಮೇಲೆ ನಾಲ್ಕು ಕಡೆಯಿಂದ ಟೊಂಗೆ ಒಡೆದು, ಒಂದು ಹೂವಿನ ಜಾಗದಲ್ಲಿ ಹತ್ತಾರು ಹೂ ಬರುತ್ತವೆ.

ಚಿವುಟಿದ ಕುಡಿಯನ್ನೂ ಎಸೆಯಬೇಕಾಗಿಲ್ಲ. ಮೂರು ಇಂಚಿನ ಕುಡಿಯ ಕೆಳಗಿನ ಎಲೆ ತೆಗೆದು ತೇವದ ಮರಳಿನಲ್ಲಿ ಚುಚ್ಚಿ ನೆರಳಿನಲ್ಲಿಟ್ಟರೆ ಎರಡು ವಾರದೊಳಗೆ ಬೇರು ಬಿಡುತ್ತದೆ. ಬೀಜ ಕೊಳ್ಳಲಾಗದ ಮನೆಗೆ ನೆರೆಮನೆಯ ಕುಡಿಯೇ ಸಾಕು. ತಾಯಿ ಗಿಡದ ಹೂ ಯಾವ ಬಣ್ಣವೋ ಕುಡಿಯ ಹೂವೂ ಅದೇ ಬಣ್ಣ.

ಯೂರಿಯಾ ಹಾಕಿದರೆ ಬೇಗ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸಾರಜನಕ ಹೆಚ್ಚಾದರೆ ಗಿಡ ಎಲೆಯಲ್ಲೇ ಸೊಕ್ಕುತ್ತದೆ, ಹೂ ಕಡಿಮೆಯಾಗುತ್ತದೆ. ಇಪ್ಪತ್ತು ದಿನಕ್ಕೊಮ್ಮೆ ಗಿಡಕ್ಕೊಂದು ಹಿಡಿ ಎರೆಹುಳು ಗೊಬ್ಬರ ಮನೆಯ ಗಿಡಕ್ಕೆ ಸಾಕಾಗುತ್ತದೆ. ಹೂವಿನ ಭಾರಕ್ಕೆ ಗಿಡ ಮಲಗದಂತೆ ತೊಗರಿಯ ಕಟ್ಟಿಗೆ ಊರಿ ಸಡಿಲಾಗಿ ಕಟ್ಟಬೇಕು. ಬಾಡಿದ ಹೂವನ್ನು ಗಿಡದಲ್ಲಿ ಬಿಡಬಾರದು. ಕಿತ್ತಷ್ಟೂ ಹೊಸ ಮೊಗ್ಗು ಬರುತ್ತದೆ.

ನೀರಿನ ಮಾತು

ಲಾತೂರ ಜಿಲ್ಲೆಯಲ್ಲಿ ಹೂವಿನ ಗಿಡದ ಮಾತಾಡುವವರು ನೀರಿನ ಮಾತನ್ನು ಮರೆಯಲಾಗದು. 2016ರ ಏಪ್ರಿಲ್ ತಿಂಗಳಲ್ಲಿ ಮೀರಜದಿಂದ ಲಾತೂರ ಪಟ್ಟಣಕ್ಕೆ ಕುಡಿಯುವ ನೀರನ್ನು ರೈಲಿನಲ್ಲಿ ತರಬೇಕಾಯಿತು. ಮೊದಲ ರೈಲು ತಂದದ್ದು ಸುಮಾರು 5 ಲಕ್ಷ ಲೀಟರ್ ನೀರು. ಕೊಡ ಹಿಡಿದು ಸಾಲಿನಲ್ಲಿ ನಿಂತ ತಾಯಂದಿರಿಗೆ ಹೂ ಬೆಳೆಸಿರೆಂದು ಹೇಳುವುದು ಸರಿಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು.

ಉತ್ತರ ಇಷ್ಟು: ಬೇಸಿಗೆಯ ಹೂವನ್ನು ಈ ಭಾಗದ ಮನೆಗಳಲ್ಲಿ ಬೆಳೆಸುವುದು ಬೇಡ. ಆ ದಿನಗಳ ನೀರು ಮನುಷ್ಯರದು, ದನಕರುಗಳದು. ಮಳೆಗಾಲದ ಹೂವಿಗೆ ಹೆಚ್ಚಿನ ನೀರನ್ನು ಮೇಘರಾಜನೇ ಕೊಡುತ್ತಾನೆ. ನಡುವೆ ಮಳೆ ಕೈಕೊಟ್ಟಾಗ ಮತ್ತು ಅಕ್ಟೋಬರ್ ಬಿಸಿಲಿನಲ್ಲಿ ಮೂರು ದಿನಕ್ಕೊಮ್ಮೆ ಹನ್ನೆರಡು ಗಿಡಕ್ಕೆ ಎರಡು ಕೊಡ ನೀರು ಸಾಕು. ಅದನ್ನೂ ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರಿನಿಂದ ಹೊಂದಿಸಬಹುದು. ಸಾಬೂನು, ಸೋಡಾ ಬೆರೆತ ಬಚ್ಚಲ ನೀರನ್ನು ಬುಡಕ್ಕೆ ಬಿಡಬಾರದು. ಬುಡದ ಸುತ್ತ ನಾಲ್ಕು ಬೆರಳಿನಷ್ಟು ಸೋಯಾಬೀನಿನ ಹೊಟ್ಟು ಅಥವಾ ಒಣ ಎಲೆ ಹರಡಿದರೆ ತೇವ ಉಳಿಯುತ್ತದೆ, ಎರೆಮಣ್ಣು ಬಿರಿಯುವುದಿಲ್ಲ. ನೀರನ್ನು ಬುಡಕ್ಕೇ ಹಾಕಬೇಕು. ಹೂವಿನ ಮೇಲೆ ಸುರಿದರೆ ಪಕಳೆ ಕೊಳೆಯುತ್ತದೆ.

ಹುಳ ಮತ್ತು ರೋಗ

ಮಳೆ ನಿಂತು ಒಣ ಹವೆ ಬಂದಾಗ ಎಲೆಯ ಹಿಂಬದಿಯಲ್ಲಿ ಕೆಂಪು ನುಸಿ ಸೇರುತ್ತದೆ. ಎಲೆ ಬೂದು ಬಣ್ಣಕ್ಕೆ ತಿರುಗಿ ಸಣ್ಣ ಬಲೆ ಕಾಣಿಸುತ್ತದೆ. ತೊಗರಿ, ಕಡಲೆಗೆ ಬೀಳುವ ಕಾಯಿಕೊರಕ ಹುಳ ಮೊಗ್ಗಿಗೂ ಬೀಳುತ್ತದೆ. ಹನ್ನೆರಡು ಗಿಡಗಳ ಹುಳವನ್ನು ಬೆಳಗಿನ ಹೊತ್ತು ಕೈಯಿಂದಲೇ ಆರಿಸಿ ತೆಗೆಯಬಹುದು. ನುಸಿಗೆ ಕಾಲು ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಹಿಂಡಿ ಸೋಸಿ, ಒಟ್ಟು ಐದು ಲೀಟರ್ ಮಾಡಿ, ಚೂರು ಸಾಬೂನು ಕರಗಿಸಿ ಸಂಜೆ ಹೊತ್ತು ಎಲೆಯ ಹಿಂಬದಿಗೆ ಸಿಂಪಡಿಸಬೇಕು. ಸಂಜೆ ಎಂದದ್ದು ಜೇನುನೊಣಗಳ ಸಲುವಾಗಿ. ಹಗಲು ಅವು ಹೂವಿನ ಮೇಲಿರುತ್ತವೆ.

ಹೊಲಕ್ಕೆ ತಂದು ಉಳಿದ ಸೋಯಾಬೀನಿನ ಔಷಧವನ್ನು ಅಂಗಳದ ಹೂವಿಗೆ ಹೊಡೆಯುವ ರೂಢಿ ಅಲ್ಲಲ್ಲಿ ಇದೆ. ಇದು ಸರ್ವಥಾ ಸಲ್ಲದು. ಆ ಹೂವನ್ನು ಮಕ್ಕಳು ಮುಟ್ಟುತ್ತಾರೆ, ಹೆಣ್ಣುಮಕ್ಕಳು ಮುಡಿಯುತ್ತಾರೆ, ನೈವೇದ್ಯದ ಪಕ್ಕದಲ್ಲಿಡುತ್ತಾರೆ.

ಚೆಂಡು ಹೂವು ತಾನು ಬೆಳೆಯುವುದಲ್ಲದೆ ನೆರೆಯ ಗಿಡಗಳನ್ನೂ ಕಾಯುತ್ತದೆ. ಇದರ ಬೇರಿನಲ್ಲಿರುವ ರಸ, ಬದನೆ, ಟೊಮ್ಯಾಟೊ ಬೇರುಗಳಲ್ಲಿ ಗಂಟು ಕಟ್ಟುವ ಸೂಕ್ಷ್ಮ ಜಂತುಗಳನ್ನು ತಗ್ಗಿಸುತ್ತದೆ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹದಿನಾರು ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡು ಹೂವು ಹಾಕಲು ಸಲಹೆ ನೀಡಿದ್ದಾರೆ. ಕಾಯಿಕೊರಕದ ಪತಂಗ ಹೂವಿಗೆ ಮರುಳಾಗಿ ಅಲ್ಲಿಯೇ ಮೊಟ್ಟೆ ಇಡುತ್ತದೆ, ಕಾಯಿ ಉಳಿಯುತ್ತದೆ. ಹಿತ್ತಲಲ್ಲಿ ಕಾಯಿಪಲ್ಲೆ ಬೆಳೆಯುವವರು ಅಂಚಿಗೆ ನಾಲ್ಕು ಹೂವಿನ ಗಿಡ ಹಾಕಿದರೆ ಎರಡು ಪ್ರಯೋಜನ. ಹೆಚ್ಚಿನ ಸಲಹೆ ಬೇಕಾದವರಿಗೆ ಬೀದರಿನಲ್ಲಿ ತೋಟಗಾರಿಕೆ ಕಾಲೇಜಿದೆ, ಲಾತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಬೀಜ ಉಳಿಸುವ ಕ್ರಮ

ಹಳೆಯ ತೋರಣವನ್ನು ಮಾಡಿಗೆ ಸಿಕ್ಕಿಸಿಟ್ಟು ಮುಂದಿನ ಮಿರಗದ ಮಳೆಗೆ ಉದುರಿಸುವುದು ಹಳೆಯ ಪದ್ಧತಿ. ಅದರಿಂದ ಕೆಲವು ಗಿಡ ಬರುತ್ತವೆ, ಹೆಚ್ಚಿನವು ಬರುವುದಿಲ್ಲ. ಕಾರಣ, ತೋರಣಕ್ಕೆ ಕೀಳುವುದು ಆಗತಾನೆ ಅರಳಿದ ಹೂ. ಅದರಲ್ಲಿ ಬೀಜ ಇನ್ನೂ ತುಂಬಿರುವುದಿಲ್ಲ. ಬೀಜಕ್ಕೆಂದೇ ಎರಡು ಒಳ್ಳೆಯ ಗಿಡಗಳನ್ನು ಗುರುತಿಸಿ, ದಾರ ಕಟ್ಟಿ, ಅವುಗಳ ದೊಡ್ಡ ಹೂ ನಾಲ್ಕೈದನ್ನು ಗಿಡದಲ್ಲಿಯೇ ಒಣಗಲು ಬಿಡಬೇಕು. ಹೂವಿನ ತೊಟ್ಟು ಕಂದಾಗಿ ಒಣಗಿದ ಮೇಲೆ ಕಿತ್ತು ನೆರಳಿನಲ್ಲಿ ಒಣಗಿಸಿ ಬಿಚ್ಚಿದರೆ, ಕಪ್ಪು ಸೂಜಿಯಂತೆ ತುದಿಗೆ ಬಿಳಿ ಬಾಲವಿರುವ ಬೀಜ ಸಿಗುತ್ತವೆ. ಬೆರಳಿಗೆ ಗಟ್ಟಿ ಹತ್ತುವುದು ಕಾಳು, ಬಗ್ಗುವುದು ಜೊಳ್ಳು. ಬಟ್ಟೆಯ ಗಂಟಿನಲ್ಲಿ ಬೇವಿನ ಎಲೆಯೊಂದಿಗೆ ಕಟ್ಟಿ ತೇವ ತಾಗದ ಕಡೆ ಇಡಬೇಕು. ಮರುವರ್ಷವೇ ಬಿತ್ತಬೇಕು, ಹಳತಾದಷ್ಟೂ ಮೊಳೆಯುವ ಶಕ್ತಿ ಕುಗ್ಗುತ್ತದೆ.

ಅಂಗಡಿಯ ಹೈಬ್ರಿಡ್ ಬೀಜದ ಹೂ ನೋಡಲು ಚೆನ್ನ, ಆದರೆ ಅದರಿಂದ ಹಿಡಿದ ಬೀಜ ತಾಯಿಯಂತೆ ಬರುವುದಿಲ್ಲ. ಪ್ರತಿ ವರ್ಷ ಕೊಳ್ಳಬೇಕು. ಮನೆಯ ಬೀಜದಲ್ಲಿಯೂ ಜೇನುನೊಣದ ಪರಾಗದಿಂದ ಬೆರಕೆಯಾಗಿ ಒಂದೆಳೆಯ ಹೂ ಬರುವ ಗಿಡಗಳು ಹುಟ್ಟುತ್ತವೆ. ಅಂಥವನ್ನು ಮೊದಲ ಹೂವಿನಲ್ಲೇ ಕಿತ್ತುಹಾಕುತ್ತ ಬಂದರೆ ತಳಿ ಕೆಡದೆ ಉಳಿಯುತ್ತದೆ.

ಹೂಗಾರರ ಪಾಲು

ಎಲ್ಲರೂ ಮನೆಯಲ್ಲೇ ಹೂ ಬೆಳೆದರೆ ಹೂಗಾರರ ಗತಿ ಏನು ಎಂಬ ಮಾತೂ ಬರುತ್ತದೆ. ಈ ಭಾಗದಲ್ಲಿ ಹೂಗಾರರು, ಗುರವರು ಮನೆಮನೆಗೆ ಹೂ ಪತ್ರೆ ಕೊಟ್ಟು ಬಂದ ಪರಂಪರೆ ಬಹಳ ಹಳೆಯದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೂಗಾರ ಮಾದಯ್ಯನವರ ಹೆಸರು ಇಂದಿಗೂ ಗೌರವದಿಂದ ಕೇಳಿಬರುತ್ತದೆ. ಆ ಕಾಯಕಕ್ಕೆ ಧಕ್ಕೆ ಬರಬಾರದು.

ಹನ್ನೆರಡು ಗಿಡದಿಂದ ಒಂದು ಹಬ್ಬಕ್ಕೆ ಎರಡು ಮೂರು ಕಿಲೋ ಹೂ ಸಿಕ್ಕೀತು. ಅದು ಮನೆಯ ಬಾಗಿಲಿಗೆ, ಜಗಲಿಗೆ, ಒಂದೆರಡು ಮಾಲೆಗೆ ಸರಿಹೋಗುತ್ತದೆ. ದೇವಸ್ಥಾನದ ದೊಡ್ಡ ಹಾರ, ಪಲ್ಲಕ್ಕಿಯ ಅಲಂಕಾರ, ಮದುವೆಯ ದಂಡೆ ಇವುಗಳಿಗೆ ಹೂಗಾರರ ಕೈಯೇ ಬೇಕು. ಹೂ ಹೆಚ್ಚಾದ ಮನೆಯವರು ಅದನ್ನು ಹೂಗಾರರಿಗೇ ಕೊಟ್ಟರೆ ದೂರದ ಮಾರುಕಟ್ಟೆಯಿಂದ ಬೆಲೆ ಏರಿಸಿ ತರುವ ಸಂಕಟ ಅವರಿಗೂ ತಪ್ಪುತ್ತದೆ. ಹೂಗಾರರ ಹೊಟ್ಟೆಗೆ ನಿಜವಾಗಿ ಕುತ್ತು ತಂದಿರುವುದು ಅಂಗಳದ ಗಿಡವಲ್ಲ, ಒಮ್ಮೆ ಕೊಂಡರೆ ನಾಲ್ಕು ವರ್ಷ ಬಳಸುವ ಪ್ಲಾಸ್ಟಿಕ್ ಹಾರ.

ಹಬ್ಬದ ಮರುದಿನ

ದೇವರಿಗೆ ಏರಿಸಿದ ಹೂವನ್ನು ಕಾಲಿಗೆ ತಾಕಿಸಬಾರದೆಂಬ ಭಾವನೆಯಿಂದ ಬಾವಿಗೆ, ಹಳ್ಳಕ್ಕೆ ಹಾಕುವುದು ರೂಢಿ. ಭಾವನೆ ಒಳ್ಳೆಯದು, ಆದರೆ ಕೊಳೆತ ಹೂವಿನಿಂದ ಕುಡಿಯುವ ನೀರು ಕೆಡುತ್ತದೆ. ಅದರ ಬದಲು ದೇವಸ್ಥಾನದ ಹಿಂಭಾಗದಲ್ಲಿ ಒಂದು ಗುಂಡಿ ತೋಡಿ, ದಾರ ಬಿಡಿಸಿ, ಹೂವಿನ ಮೇಲೊಂದು ಪದರು ಸಗಣಿ, ಒಂದು ಪದರು ಮಣ್ಣು ಹಾಕುತ್ತ ಬಂದರೆ ಮೂರು ತಿಂಗಳಲ್ಲಿ ಒಳ್ಳೆಯ ಗೊಬ್ಬರವಾಗುತ್ತದೆ. ಆ ಗೊಬ್ಬರವನ್ನು ಪ್ರಸಾದವೆಂದು ತಿಳಿದು ಮನೆಗೊಂದು ಬುಟ್ಟಿ ಒಯ್ದು ಮುಂದಿನ ಮಡಿಗೆ ಹಾಕಬಹುದು. ಉತ್ಸವ ಸಮಿತಿಯವರು ಮನಸ್ಸು ಮಾಡಿದರೆ ಒಂದು ದಿನದ ಕೆಲಸ ಇದು. ಹಾಗೆಯೇ ಮಣ್ಣೆತ್ತಿನ ಅಮಾವಾಸ್ಯೆಯ ದಿನ ದೇವಸ್ಥಾನದ ಕಟ್ಟೆಯಲ್ಲಿ ಬೀಜದ ಗಂಟು ಬಿಚ್ಚಿ, ಬೀಜವಿಲ್ಲದ ಮನೆಗಳಿಗೆ ಒಂದೊಂದು ಚಿಟಿಕೆ ಹಂಚುವ ಪರಿಪಾಠ ಹಾಕಿದರೆ ಮತ್ತೂ ಉತ್ತಮ.

ಹೂವಿನ ಗಿಡಕ್ಕೆ ನೀರು ಹಾಕುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಿರಿ. ಬೀಜ ಹಾಕಿದವರು, ಕುಡಿ ಚಿವುಟಿದವರು, ಹುಳ ಆರಿಸಿದವರು ದಸರೆಯ ಬೆಳಿಗ್ಗೆ ತಾವೇ ತೋರಣ ಕಟ್ಟಲಿ. ದುಡ್ಡಿದ್ದ ಮನೆಗೂ ಇಲ್ಲದ ಮನೆಗೂ ಆ ದಿನ ಒಂದೇ ಬಣ್ಣದ ಬಾಗಿಲು ಇರಲಿ ಎಂದು ಹಾರೈಸಿ ಈ ಉಪನ್ಯಾಸ ಮುಗಿಯುತ್ತದೆ.